ಸಾಕುನಾಯಿಯ ಆಹಾರ: ಮನೆಯಡುಗೆ ಮತ್ತು ಕೈತಿನಿಸುಗಳ ಇತಿಹಾಸ

ಸಾಕುನಾಯಿಗೆ ಮನೆಯ ಒಲೆಯ ಮೇಲೆ ಬೇಯಿಸಿ ಹಾಕುವ ಊಟ, ಮತ್ತು ಧಾನ್ಯ, ಮಾಂಸ, ತರಕಾರಿ, ಹಾಲಿನ ಪದಾರ್ಥಗಳಿಂದ ಕೃತಕ ಬಣ್ಣ, ರುಚಿಕಾರಕ, ಸಂರಕ್ಷಕಗಳನ್ನು ಸೇರಿಸದೆ ಸಣ್ಣ ಪ್ರಮಾಣದಲ್ಲಿ ಕೈಯಲ್ಲೇ ಮಾಡುವ ತಿನಿಸು, ಇವೆರಡೂ ಒಂದೇ ಪರಂಪರೆಯ ಹಳೆಯ ಮತ್ತು ಹೊಸ ರೂಪಗಳು. ಕರ್ನಾಟಕದಲ್ಲಿ ಈ ಪರಂಪರೆ ಮೂರು ಘಟ್ಟಗಳನ್ನು ಕಂಡಿದೆ. ಮೊದಲನೆಯದು ಮನೆಮಂದಿ ಉಂಡದ್ದರಲ್ಲೇ ನಾಯಿಗೂ ಪಾಲು ಹಾಕುತ್ತಿದ್ದ ಕಾಲ. ಎರಡನೆಯದು ಕಾರ್ಖಾನೆಯ ಪೊಟ್ಟಣ ಬಂದ ಕಾಲ. ಮೂರನೆಯದು ಅಳತೆ, ಪೋಷಕಾಂಶಗಳ ಅರಿವಿನೊಂದಿಗೆ ಮತ್ತೆ ಒಲೆಯ ಕಡೆ ತಿರುಗಿದ ಕಾಲ. ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಜಿಗಣಿಯಂಥ ಊರಿನಲ್ಲಿ ರಾಗಿ ಹೊಲ, ಕೈಗಾರಿಕಾ ಪ್ರದೇಶ, ಹೊಸ ಬಡಾವಣೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಈ ಮೂರನ್ನೂ ಒಟ್ಟಿಗೆ ನೋಡಬಹುದು.

ಪ್ರಾಚೀನ ಮತ್ತು ಮಧ್ಯಕಾಲ

ಕನ್ನಡ ನಾಡಿನಲ್ಲಿ ನಾಯಿಗೆ ಸಿಕ್ಕಿದ ಗೌರವಕ್ಕೆ ಬಹು ಪ್ರಸಿದ್ಧ ಸಾಕ್ಷಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಇದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರ ವಿರುದ್ಧ ಕಾದಿದ ಗಂಗ ಇಮ್ಮಡಿ ಬೂತುಗನು, ತನ್ನ ವೀರ ಮಣಲೆರನಿಗೆ ಬೇಕಾದುದನ್ನು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟುತ್ತದೆಂದು ಶಾಸನ ಎಚ್ಚರಿಸುತ್ತದೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ವು ಅರಸರ ವಿನೋದಗಳ ಸಾಲಿನಲ್ಲಿ ನಾಯಿಗಳ ವಿನೋದಕ್ಕೂ ಒಂದು ಭಾಗವನ್ನು ಮೀಸಲಿಟ್ಟಿದೆ.

ಆಚರಣೆಗಳಲ್ಲೂ ನಾಯಿಯ ಊಟಕ್ಕೆ ಸ್ಥಾನವಿದೆ. ಮೈಲಾರಲಿಂಗನ ಪರಂಪರೆಯ ಗೊರವರು ತಮ್ಮನ್ನು ದೇವರ ನಾಯಿಗಳೆಂದು ಭಾವಿಸುತ್ತಾರೆ. ವಿಜಯನಗರ ಜಿಲ್ಲೆಯ ಮೈಲಾರ, ಹಾವೇರಿ ಜಿಲ್ಲೆಯ ದೇವರಗುಡ್ಡ ಮೊದಲಾದೆಡೆ ಭಕ್ತರು ದೋಣಿಯೆಂಬ ಪಾತ್ರೆಗೆ ಹಾಲು, ತುಪ್ಪ, ಬಾಳೆಹಣ್ಣುಗಳನ್ನು ತುಂಬಿದರೆ, ಗೊರವರು ನಾಯಿಯಂತೆ ಬೊಗಳುತ್ತ ಅದಕ್ಕೆ ಬಾಯಿ ಹಾಕಿ ಉಣ್ಣುತ್ತಾರೆ.

ಹಳ್ಳಿಮನೆಯ ಪಾಲು

ಹಳ್ಳಿಗಳಲ್ಲಿ ನಾಯಿಗೆಂದೇ ಬೇರೆ ಅಡುಗೆ ಇರಲಿಲ್ಲ. ಆನೇಕಲ್, ಕನಕಪುರ, ಮಾಗಡಿ ಸೀಮೆಯಲ್ಲಿ ರಾತ್ರಿ ಉಳಿದ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಇಲ್ಲವೇ ಸಾರಿನಲ್ಲಿ ಕಲಸಿ ಹಿತ್ತಲಿನ ಕಲ್ಲುಮರಿಗೆಗೆ ಹಾಕುವುದು ವಾಡಿಕೆ. ಮಲೆನಾಡು, ಕರಾವಳಿಗಳಲ್ಲಿ ಗಂಜಿ ಮತ್ತು ಮೀನಿನ ತಲೆ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಮತ್ತು ಹಾಲು, ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನ, ಹೀಗೆ ಆಯಾ ನೆಲದ ಬೆಳೆಯೇ ನಾಯಿಯ ಊಟವೂ ಆಗಿತ್ತು. ಹಬ್ಬ, ಜಾತ್ರೆಯಲ್ಲಿ ಕುರಿ ಕಡಿದರೆ ಬೋಟಿ, ಮೂಳೆಗಳು ನಾಯಿಯ ಪಾಲು. ಇಲಿ, ಹೆಗ್ಗಣ, ಓತಿಕ್ಯಾತಗಳನ್ನು ಹಿಡಿದು ತಿಂದು ನಾಯಿ ತನ್ನ ಊಟದ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತಿತ್ತು. ಮನೆಯೊಳಗೇ ಇರುವ ಇಂದಿನ ನಾಯಿಗೆ ಈ ಅವಕಾಶವಿಲ್ಲ.

ಮುದ್ದೆ, ಗಂಜಿಯ ಮೇಲೆ ನಾಯಿ ಬದುಕಿದ್ದಕ್ಕೆ ಜೈವಿಕ ಕಾರಣವಿದೆ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಕೇವಲ 2 ಪ್ರತಿಗಳಲ್ಲಿದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಇರುವುದನ್ನು ತೋರಿಸಿತು. ಮನುಷ್ಯನ ಬೇಸಾಯದ ಜೊತೆಗೆ ನಾಯಿಯ ಹೊಟ್ಟೆಯೂ ಧಾನ್ಯಕ್ಕೆ ಒಗ್ಗಿಕೊಂಡಿತು. ಧಾನ್ಯಗಳಲ್ಲಿ ರಾಗಿಗೆ ಒಂದು ವಿಶೇಷವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ (ಕ್ಯಾಲ್ಸಿಯಂ) ಇರುತ್ತದೆ. ಅಕ್ಕಿಯಲ್ಲಿರುವುದು ಅದರ ಒಂದು ಸಣ್ಣ ಅಂಶ ಮಾತ್ರ. ಆದರೆ ರಾಗಿಯಲ್ಲಿರುವ ಫೈಟೇಟ್ ಆ ಸುಣ್ಣವೆಲ್ಲ ಮೈಗೆ ಹತ್ತದಂತೆ ತಡೆಯುತ್ತದೆ. ಮೊಳಕೆ ಕಟ್ಟಿದರೆ ಅಥವಾ ಹುದುಗು ಬರಿಸಿದರೆ ಈ ತಡೆ ಕಡಿಮೆಯಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಈ ಬಗೆಯ ಊಟದಲ್ಲೇ ಬೆಳೆದ ತಳಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸು ಮಾಲೋಜಿರಾವ್ ಇದನ್ನು ಪೋಷಿಸಿ, ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಮರಿಗಳನ್ನು ಕಾಣಿಕೆಯಾಗಿ ಕೊಟ್ಟನು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ.

ದಂಡು ಪ್ರದೇಶ ಮತ್ತು ಬಿಸ್ಕತ್ತಿನ ಹುಟ್ಟು

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷ್ ದಂಡು ನೆಲೆಯೂರಿದ ಮೇಲೆ ವಿದೇಶಿ ತಳಿಗಳ ಜೊತೆ ನಾಯಿಗೆ ಪ್ರತ್ಯೇಕ ಅಡುಗೆ ಮಾಡಿಸುವ ರೂಢಿಯೂ ಬಂತು. ಫ್ಲೋರಾ ಆ್ಯನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ 1888ರಲ್ಲಿ ಭಾರತದಲ್ಲಿನ ಆಂಗ್ಲ ಗೃಹಿಣಿಯರಿಗಾಗಿ ಬರೆದ ಮನೆವಾರ್ತೆಯ ಕೈಪಿಡಿಯಲ್ಲಿ ನಾಯಿ ಸಾಕಣೆಗೇ ಒಂದು ಅಧ್ಯಾಯವಿದೆ.

ಇದೇ ಕಾಲದಲ್ಲಿ ಲಂಡನ್ನಿನಲ್ಲಿ ಕಾರ್ಖಾನೆಯ ನಾಯಿ ಆಹಾರ ಹುಟ್ಟಿತು. ಅಮೆರಿಕದಿಂದ ಬಂದ ಜೇಮ್ಸ್ ಸ್ಪ್ರಾಟ್, ಬಂದರಿನ ನಾಯಿಗಳು ಹಡಗಿನವರ ಗಟ್ಟಿ ಬಿಸ್ಕತ್ತು ಮೆಲ್ಲುವುದನ್ನು ಕಂಡು, 1860ರ ಸುಮಾರಿಗೆ ಗೋಧಿ, ತರಕಾರಿ, ಬೀಟ್‌ರೂಟ್, ಮಾಂಸಾಂಶ ಬೆರೆಸಿದ ನಾಯಿ ಬಿಸ್ಕತ್ತನ್ನು ಮಾರಲಾರಂಭಿಸಿದನೆಂದು ಹೇಳಲಾಗುತ್ತದೆ. ಅವನ ಸಂಸ್ಥೆಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನವನ್ನು ಆರಂಭಿಸಿದನು. 1922ರಲ್ಲಿ ಅಮೆರಿಕದಲ್ಲಿ ಕುದುರೆ ಮಾಂಸದ ಡಬ್ಬಿ ಆಹಾರ ಬಂತು. 1957ರಲ್ಲಿ ಪ್ಯೂರಿನಾ ಕಂಪನಿ, ಹಿಟ್ಟನ್ನು ಶಾಖ ಮತ್ತು ಒತ್ತಡದಲ್ಲಿ ಅಚ್ಚಿನಿಂದ ಹೊರದೂಡಿ ಉಬ್ಬಿಸುವ ವಿಧಾನದಿಂದ ಒಣ ಕಾಳಿನ ಆಹಾರವನ್ನು ಮಾರುಕಟ್ಟೆಗೆ ತಂದಿತು. ಇಂದು ಅಂಗಡಿಗಳಲ್ಲಿ ಸಿಗುವ ಒಣ ಆಹಾರವೆಲ್ಲ ಬಹುಪಾಲು ಈ ವಿಧಾನದ್ದೇ.

ಪೊಟ್ಟಣದ ಕಾಲ

ಕರ್ನಾಟಕದ ಮಧ್ಯಮವರ್ಗದ ಮನೆಗಳಿಗೆ ಪೊಟ್ಟಣದ ಆಹಾರ ವ್ಯಾಪಕವಾಗಿ ತಲುಪಿದ್ದು 2000ದ ನಂತರ. ಮಾರ್ಸ್ ಕಂಪನಿಯ ಪೆಡಿಗ್ರಿ ಭಾರತಕ್ಕೆ ಬಂದದ್ದು ಆ ದಶಕದ ಆರಂಭದಲ್ಲಿ. ಛತ್ತೀಸಗಡದ ರಾಜನಾಂದಗಾಂವ್ ಮೂಲದ ಡ್ರೂಲ್ಸ್ 2010ರಲ್ಲಿ ಶುರುವಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಜಿಗಣಿ-ಬೊಮ್ಮಸಂದ್ರ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಂತೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಇದು ಅನುಕೂಲವಾಯಿತು: ಬೇಯಿಸಬೇಕಿಲ್ಲ, ಕೆಡುವುದಿಲ್ಲ, ಪೋಷಕಾಂಶಗಳ ಲೆಕ್ಕ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. 2017ರ ಜಿಎಸ್‌ಟಿಯಲ್ಲಿ ಚಿಲ್ಲರೆ ಮಾರಾಟದ ನಾಯಿ, ಬೆಕ್ಕಿನ ಆಹಾರಕ್ಕೆ ಶೇ. 18 ತೆರಿಗೆ ಬಿತ್ತು.

ಪೊಟ್ಟಣದ ಮೇಲಿನ ನಂಬಿಕೆ ಅಲುಗಾಡಿದ್ದು 2007ರಲ್ಲಿ. ಚೀನಾದಿಂದ ತರಿಸಿದ ಗೋಧಿಯ ಗ್ಲುಟೆನ್‌ನಲ್ಲಿ ಮೆಲಮೈನ್ ಬೆರೆತು, ಉತ್ತರ ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಹತ್ತಾರು ಹೆಸರುಗಳ ಆಹಾರವನ್ನು ಕಂಪನಿಗಳು ಹಿಂದಕ್ಕೆ ಪಡೆದವು. ಅದೇ ವರ್ಷದಿಂದ ಒಣ ಕೋಳಿಮಾಂಸದ ತಿನಿಸುಗಳ ಬಗ್ಗೆಯೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರುಗಳು ಬರತೊಡಗಿ, ಮುಂದಿನ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ನಾಯಿಗಳ ಸಾವು ವರದಿಯಾಯಿತು. ಇದಕ್ಕೂ ಮೊದಲೇ, 1993ರಲ್ಲಿ, ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಹಸಿ ಮಾಂಸ ಮತ್ತು ಮೂಳೆಯ ಊಟವನ್ನು ಪ್ರತಿಪಾದಿಸಿ ಪುಸ್ತಕ ಬರೆದಿದ್ದರು.

ಕೈತಿನಿಸುಗಳ ಪುನರಾಗಮನ

2010ರ ದಶಕದಲ್ಲಿ ಬೆಂಗಳೂರಿನಲ್ಲಿ ನಾಯಿಗಳಿಗೆಂದೇ ಬೇಕರಿಗಳು, ದಿನದ ಊಟ ಬೇಯಿಸಿ ಮನೆಗೆ ತಲುಪಿಸುವ ಸಣ್ಣ ಅಡುಗೆಮನೆಗಳು, ಹುಟ್ಟುಹಬ್ಬದ ಕೇಕುಗಳು ಕಾಣಿಸಿಕೊಂಡವು. ಬೆಂಗಳೂರಿನಲ್ಲೇ ನೆಲೆಗೊಂಡ ಡಾಗ್‌ಸೀ ಚ್ಯೂ, ಹಿಮಾಲಯದ ಚುರ್ಪಿ ಎಂಬ ಒಣ ಗಿಣ್ಣನ್ನು ನಾಯಿಗೆ ಜಗಿಯುವ ತಿನಿಸಾಗಿ ಮಾರಲಾರಂಭಿಸಿತು. ಅಲ್ಲಿನ ಪಶುಪಾಲಕರ ಬುತ್ತಿಯಲ್ಲಿದ್ದ ಪದಾರ್ಥವೊಂದು ಹೀಗೆ ರಫ್ತಿನ ಸರಕಾಯಿತು. 2020ರ ಲಾಕ್‌ಡೌನ್ ಸಮಯದಲ್ಲಿ ಪೂರೈಕೆ ಏರುಪೇರಾಗಿ, ಮನೆಯಲ್ಲೇ ಉಳಿದ ಸಾಕಣೆದಾರರು ನಾಯಿಗೆ ತಾವೇ ಬೇಯಿಸತೊಡಗಿದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿ, ನವಣೆ, ಸಾಮೆಗಳು ನಾಯಿ ಬಿಸ್ಕತ್ತಿನ ಪೊಟ್ಟಣಗಳ ಮೇಲೂ ಮೆರೆದವು.

ಈ ಭಾಗದ ಸಾಮಾನ್ಯ ಕೈತಿನಿಸು ರಾಗಿ ಬಿಸ್ಕತ್ತು. ರಾಗಿಹಿಟ್ಟಿಗೆ ಬೇಯಿಸಿ ಹಿಸುಕಿದ ಸಿಹಿಗುಂಬಳ ಮತ್ತು ಮೊಟ್ಟೆ ಸೇರಿಸಿ ಗಟ್ಟಿಯಾಗಿ ನಾದುತ್ತಾರೆ. ಉಪ್ಪು, ಸಕ್ಕರೆ, ಬೆಲ್ಲ ಬೀಳುವುದಿಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ ಹಿಟ್ಟು ಲಟ್ಟಿಸುವಾಗ ಬಿರಿಯುತ್ತದೆ. ಮೊಟ್ಟೆಯೂ ಕುಂಬಳವೂ ಅದನ್ನು ಹಿಡಿದಿಡುತ್ತವೆ. ಕಾಲು ಅಂಗುಲ ದಪ್ಪಕ್ಕೆ ತಟ್ಟಿ, ಕತ್ತರಿಸಿ, ಸಣ್ಣ ಉರಿಯಲ್ಲಿ ನೀರಿನಂಶ ಪೂರ್ತಿ ಆರುವವರೆಗೆ ಬೇಯಿಸುತ್ತಾರೆ. ಸಂರಕ್ಷಕ ಇಲ್ಲದ ಕಡೆ ಬಾಳಿಕೆಯೆಲ್ಲ ಈ ಒಣಗುವಿಕೆಯ ಮೇಲೆಯೇ ನಿಂತಿದೆ. ನಡುವೆ ಹಸಿ ಉಳಿದರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಕೋಳಿ ಅಂಗಡಿಯಿಂದ ತಂದ ಕಂದನಕಾಯಿ, ಲಿವರ್, ಎದೆಮಾಂಸಗಳನ್ನು ತೆಳುವಾಗಿ ಸೀಳಿ ಒಣಗಿಸುವುದು ಇನ್ನೊಂದು ಬಗೆ. ಇದರಲ್ಲಿ ಮಾಂಸದ ಒಳಭಾಗ ಮೊದಲು 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಬರಿಯ ಬಿಸಿಲಿಗಿಟ್ಟರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ.

ಪೋಷಣೆಯ ಲೆಕ್ಕ

ಸಹಜ ಪದಾರ್ಥವೆಂದ ಮಾತ್ರಕ್ಕೆ ಊಟ ಪೂರ್ಣವಾಗುವುದಿಲ್ಲ. ವಿಶ್ರಾಂತ ಸ್ಥಿತಿಯ ನಾಯಿಗೆ ಬೇಕಾದ ಶಕ್ತಿಯನ್ನು, ಅದರ ತೂಕದ ಕಿಲೊಗ್ರಾಮಿನ 0.75 ಘಾತವನ್ನು 70ರಿಂದ ಗುಣಿಸಿ ಪಡೆಯುತ್ತಾರೆ. 15 ಕಿಲೊ ತೂಗುವ ನಾಯಿಗೆ ಇದು ಸುಮಾರು 530 ಕಿಲೊ ಕ್ಯಾಲರಿ; ಸಾಮಾನ್ಯ ಓಡಾಟವಿದ್ದರೆ ಸುಮಾರು 850. ತಿನಿಸಿನ ಪಾಲು ದಿನದ ಶಕ್ತಿಯಲ್ಲಿ ಹತ್ತನೇ ಒಂದನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸೂತ್ರ. ಅಂದರೆ ಇಂಥ ನಾಯಿಗೆ ದಿನಕ್ಕೆ 25 ಗ್ರಾಂ ರಾಗಿಹಿಟ್ಟಿನಷ್ಟು ಬಿಸ್ಕತ್ತೇ ಮಿತಿ.

ಮನೆಯೂಟದ ದೊಡ್ಡ ಕೊರತೆ ಸುಣ್ಣ. ಆಹಾರದಲ್ಲಿ ಸುಣ್ಣವು ರಂಜಕಕ್ಕೆ ಸಮನಾಗಿರಬೇಕು, ಇಲ್ಲವೇ ಅದರ ಎರಡರಷ್ಟರೊಳಗೆ ಇರಬೇಕು. ಮೂಳೆಯಿಲ್ಲದ ಕೋಳಿ ಮತ್ತು ಅನ್ನದಲ್ಲಿ ರಂಜಕವೇ ಬಹಳ ಹೆಚ್ಚು. ಇದನ್ನಷ್ಟೇ ತಿಂದು ಬೆಳೆಯುವ ಮರಿಗಳ ಕಾಲು ಸೊಟ್ಟಗಾಗಿ ಮೂಳೆ ಮುರಿಯುತ್ತದೆ. ಮೊಸರನ್ನದಲ್ಲಿ ಪ್ರೋಟೀನು ಸಾಲದು. ಲಿವರ್ ಅತಿಯಾದರೆ ಎ ಜೀವಸತ್ವ ವಿಷವಾಗುತ್ತದೆ. ಮನೆಯ ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಜೈಲಿಟಾಲ್ ಬೆರೆಸಿದ ಸಿಹಿಗಳು ವಿಷ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಧಾನ್ಯರಹಿತ ಆಹಾರಕ್ಕೂ ನಾಯಿಗಳ ಒಂದು ಬಗೆಯ ಹೃದ್ರೋಗಕ್ಕೂ ನಂಟಿರಬಹುದೇ ಎಂದು ತನಿಖೆ ಆರಂಭಿಸಿದ್ದು, ಧಾನ್ಯವನ್ನು ಬಿಡುವುದೇ ಸಹಜವೆಂಬ ಪ್ರಚಾರವನ್ನು ಪ್ರಶ್ನೆಗೊಡ್ಡಿತು.

ಕಾನೂನು ಮತ್ತು ಬೀದಿನಾಯಿಯ ಊಟ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ಪ್ರಾಣಿಗಳ ಮೇವನ್ನು ‘ಆಹಾರ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹೀಗಾಗಿ ಮನುಷ್ಯರ ಉಪ್ಪಿನಕಾಯಿ ಮಾರುವ ಮನೆ ಉದ್ಯಮಕ್ಕೆ ಅನ್ವಯಿಸುವ ನೋಂದಣಿ, ನಾಯಿ ಬಿಸ್ಕತ್ತು ಮಾಡುವ ಮನೆಗೆ ಅನ್ವಯಿಸುವುದಿಲ್ಲ. ಕೈತಿನಿಸಿನ ಗುಣಮಟ್ಟ ತಯಾರಕರ ಹೊಣೆಗೇ ಬಿಟ್ಟ ವಿಷಯವಾಗಿದೆ.

ಬೆಂಗಳೂರಿನಲ್ಲಿ 2023ರ ಪಾಲಿಕೆ ಸಮೀಕ್ಷೆ ಸುಮಾರು 2.79 ಲಕ್ಷ ಬೀದಿನಾಯಿಗಳನ್ನು ಅಂದಾಜಿಸಿತು. ಅದೇ ವರ್ಷದ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಿವಾಸಿ ಸಂಘಗಳಿಗೆ ಊಟ ಹಾಕುವ ಜಾಗ, ಹೊತ್ತುಗಳನ್ನು ಗುರುತಿಸುವ ಹೊಣೆ ವಹಿಸಿದವು. 2025ರ ಜುಲೈನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು 5,000 ಬೀದಿನಾಯಿಗಳಿಗೆ ದಿನಕ್ಕೊಂದು ಬೇಯಿಸಿದ ಊಟ ಕೊಡಲು 2.88 ಕೋಟಿ ರೂಪಾಯಿಯ ಟೆಂಡರ್ ಕರೆಯಿತು. ಒಂದು ಊಟಕ್ಕೆ 150 ಗ್ರಾಂ ಕೋಳಿಮಾಂಸ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ, ಉಪ್ಪು ಮತ್ತು ಅರಿಶಿನ ನಿಗದಿಯಾಗಿತ್ತು. ಜನರ ತೆರಿಗೆ ಹಣ ನಾಯಿಯ ಬಿರಿಯಾನಿಗೆ ಹೋಗುತ್ತದೆಂಬ ಟೀಕೆ ಎದ್ದರೂ, ನಾಡಿನ ಸ್ಥಳೀಯ ಆಡಳಿತವೊಂದು ನಾಯಿಯ ಊಟವನ್ನು ಗ್ರಾಂ ಲೆಕ್ಕದಲ್ಲಿ ಬರೆದದ್ದು ಗಮನಾರ್ಹ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಬೀದಿನಾಯಿಗಳಿಗೆ ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ ಊಟ ಹಾಕಬೇಕೆಂದು ಆದೇಶಿಸಿತು.

ಸಾಕುನಾಯಿಗೆ ಮನೆಯೂಟವನ್ನೇ ನಿತ್ಯದ ಆಹಾರವಾಗಿ ಕೊಡುವವರು ಪಶುವೈದ್ಯರಿಂದ ಅಳತೆಪಟ್ಟಿ ಪಡೆದು ಸುಣ್ಣಾಂಶ, ಖನಿಜಗಳ ಪೂರಕವನ್ನು ಬೆರೆಸಬೇಕು. ಕೈತಿನಿಸುಗಳು ಪೂರ್ಣ ಊಟಕ್ಕೆ ಬದಲಿಯಲ್ಲ.