ಮೆಲ್ವಿನ್ಸ್ ತಂಡದ ಆರಂಭಿಕ ಧ್ವನಿಮುದ್ರಣಗಳು

ಮೆಲ್ವಿನ್ಸ್ ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ರಾಜ್ಯದಲ್ಲಿ 1983ರಲ್ಲಿ ಆರಂಭವಾದ ರಾಕ್ ಸಂಗೀತ ತಂಡ. ಸ್ಲಡ್ಜ್ ಮೆಟಲ್ ಎಂಬ ಸಂಗೀತ ಪ್ರಕಾರದ ಆದ್ಯ ಪ್ರವರ್ತಕ ತಂಡಗಳಲ್ಲಿ ಇದನ್ನು ಪರಿಗಣಿಸಲಾಗುತ್ತದೆ. ಈ ಲೇಖನವು ತಂಡವು 1983ರಿಂದ 1989ರವರೆಗೆ ಮಾಡಿದ ಧ್ವನಿಮುದ್ರಣಗಳನ್ನು ಕುರಿತದ್ದು. ಅತಿವೇಗದ ಹಾರ್ಡ್‌ಕೋರ್ ಪಂಕ್ ನುಡಿಸುತ್ತಿದ್ದ ಹುಡುಗರ ತಂಡವೊಂದು ಕೆಲವೇ ವರ್ಷಗಳಲ್ಲಿ ನಿಧಾನಗತಿಯ, ಭಾರವಾದ ನಾದದ ಕಡೆಗೆ ಹೊರಳಿದ ಹಂತಗಳನ್ನು ಈ ಮುದ್ರಣಗಳಲ್ಲಿ ಅನುಕ್ರಮವಾಗಿ ಗುರುತಿಸಬಹುದು.

ಸ್ಲಡ್ಜ್ ಮೆಟಲ್

ಸ್ಲಡ್ಜ್ ಎಂಬ ಇಂಗ್ಲಿಷ್ ಪದಕ್ಕೆ ರೊಜ್ಜು, ಗಸಿ ಎಂಬ ಅರ್ಥಗಳಿವೆ. ಎಣ್ಣೆಯ ಪಾತ್ರೆಯ ತಳದಲ್ಲಿ ನಿಲ್ಲುವ ಗಸಿಯಂತೆ ಮಂದವಾಗಿ, ದಟ್ಟವಾಗಿ ಕೇಳಿಸುವ ಸಂಗೀತಕ್ಕೆ ಈ ಹೆಸರು ಬಂದಿದೆ. ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ತಂಡವು 1970ರ ದಶಕದಲ್ಲಿ ರೂಢಿಗೆ ತಂದ ನಿಧಾನಗತಿಯ ಗಿಟಾರ್ ವಾದನ ಮತ್ತು ಹಾರ್ಡ್‌ಕೋರ್ ಪಂಕ್‌ನ ಒರಟು ಗಾಯನ ಇವೆರಡರ ಬೆರಕೆ ಇದರ ಮೂಲಲಕ್ಷಣ. ಗಿಟಾರಿನ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ತಗ್ಗಿಸುವುದು, ರಿಫ್ ಎಂದು ಕರೆಯುವ ಕಿರು ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸುವುದು, ಗಿಟಾರು ಮತ್ತು ಧ್ವನಿವರ್ಧಕಗಳ ನಡುವೆ ಹುಟ್ಟುವ ಫೀಡ್‌ಬ್ಯಾಕ್ ಸದ್ದನ್ನು ದೋಷವೆಂದು ತೆಗೆದುಹಾಕದೆ ಸಂಗೀತದ ಭಾಗವಾಗಿ ಉಳಿಸಿಕೊಳ್ಳುವುದು ಇದರ ಇತರ ಲಕ್ಷಣಗಳು.

ತಂಡದ ಹಿನ್ನೆಲೆ

ಮರದ ಉದ್ಯಮವನ್ನು ನೆಚ್ಚಿಕೊಂಡಿದ್ದ ಗ್ರೇಸ್ ಹಾರ್ಬರ್ ಪ್ರದೇಶದ ಮಾಂಟಿಸಾನೊ ಎಂಬ ಸಣ್ಣ ಊರಿನಲ್ಲಿ ತಂಡವು ರೂಪುಗೊಂಡಿತು. ಗಿಟಾರ್ ಮತ್ತು ಗಾಯನದಲ್ಲಿ ಬಝ್ ಓಸ್ಬೋರ್ನ್, ಬಾಸ್ ಗಿಟಾರಿನಲ್ಲಿ ಮ್ಯಾಟ್ ಲೂಕಿನ್, ಡ್ರಮ್ಸ್‌ನಲ್ಲಿ ಮೈಕ್ ಡಿಲಾರ್ಡ್ ಇದ್ದರು. ಓಸ್ಬೋರ್ನ್ ಕೆಲಸ ಮಾಡುತ್ತಿದ್ದ ದಿನಸಿ ಮಳಿಗೆಯಲ್ಲಿ ಯಾರಿಗೂ ಬೇಡವಾಗಿದ್ದ ಮೇಲ್ವಿಚಾರಕನೊಬ್ಬನ ಹೆಸರನ್ನೇ ತಂಡಕ್ಕೆ ಇಡಲಾಯಿತು. ಮೊದಲಿಗೆ ಜಿಮಿ ಹೆಂಡ್ರಿಕ್ಸ್, ಕ್ರೀಮ್ ಮತ್ತು ದ ಹೂ ತಂಡಗಳ ಗೀತೆಗಳನ್ನು ನುಡಿಸುತ್ತಿದ್ದ ಇವರು ಬೇಗನೆ ಹಾರ್ಡ್‌ಕೋರ್ ಪಂಕ್ ಶೈಲಿಗೆ ತಿರುಗಿದರು.

1984ರಲ್ಲಿ ಡಿಲಾರ್ಡ್ ತಂಡವನ್ನು ತೊರೆದರು. ಅವರ ಸ್ಥಾನಕ್ಕೆ ಡೇಲ್ ಕ್ರೋವರ್ ಬಂದರು. ಅಭ್ಯಾಸವು ಪಕ್ಕದ ಅಬರ್ಡೀನ್ ಪಟ್ಟಣದಲ್ಲಿದ್ದ ಕ್ರೋವರ್ ಅವರ ತಂದೆತಾಯಿಗಳ ಮನೆಯ ಹಿಂಭಾಗದ ಕೋಣೆಗೆ ಸ್ಥಳಾಂತರವಾಯಿತು.

1983ರ ಮುದ್ರಣಗಳು

ಡಿಲಾರ್ಡ್ ಇದ್ದ ಕಾಲದಲ್ಲಿ ತಂಡವು ಕೆಲವು ಮಾದರಿ ಮುದ್ರಣಗಳನ್ನು ಮಾಡಿಕೊಂಡಿತ್ತು. ಇವು ಸುಮಾರು ಎರಡು ದಶಕಗಳ ಕಾಲ ಬಿಡುಗಡೆಯಾಗಿರಲಿಲ್ಲ. 2005ರಲ್ಲಿ ಮ್ಯಾಂಗಲ್ಡ್ ಡೆಮೋಸ್ ಫ್ರಮ್ 1983 ಎಂಬ ಹೆಸರಿನಲ್ಲಿ ಹೊರಬಂದವು. ಇವುಗಳಲ್ಲಿರುವುದು ಬಹುಮಟ್ಟಿಗೆ ಚುಟುಕಾದ, ವೇಗದ ಹಾರ್ಡ್‌ಕೋರ್ ಗೀತೆಗಳು. ತಂಡದ ನಂತರದ ಗೀತೆಗಳನ್ನಷ್ಟೇ ಕೇಳಿದವರಿಗೆ ಇವು ಬೇರೊಂದು ತಂಡದವೆಂದು ತೋರಬಹುದು. ನಿಧಾನಗತಿಯು ಈ ತಂಡಕ್ಕೆ ಆರಂಭದಿಂದಲೇ ಬಂದ ಗುಣವಾಗಿರದೆ, ಅದು ತಿಳಿದು ಆರಿಸಿಕೊಂಡ ಮಾರ್ಗವೆಂಬುದಕ್ಕೆ ಈ ಮುದ್ರಣಗಳು ಸಾಕ್ಷಿಯಾಗಿವೆ.

ಗತಿಯ ಬದಲಾವಣೆ

ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ತಂಡದ ಮೈ ವಾರ್ ಗೀತಸಂಪುಟವು 1984ರಲ್ಲಿ ಬಿಡುಗಡೆಯಾಯಿತು. ಅದರ ಎರಡನೆಯ ಬದಿಯಲ್ಲಿ ದೀರ್ಘವಾದ, ನಿಧಾನಗತಿಯ ಮೂರೇ ಗೀತೆಗಳಿದ್ದವು. ವೇಗವನ್ನೇ ಪಂಕ್‌ನ ಪ್ರಾಣವೆಂದು ತಿಳಿದಿದ್ದ ಕೇಳುಗರಲ್ಲಿ ಹಲವರಿಗೆ ಇದು ರುಚಿಸಲಿಲ್ಲ. ಮೆಲ್ವಿನ್ಸ್ ತಂಡಕ್ಕಾದರೋ ಇದು ಹೊಸ ದಾರಿಯನ್ನು ತೋರಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಫ್ಲಿಪ್ಪರ್ ತಂಡದ ಎಳೆದಾಡುವ ಶೈಲಿಯೂ ಅವರ ಮೇಲೆ ಪ್ರಭಾವ ಬೀರಿತು.

ಡೀಪ್ ಸಿಕ್ಸ್ ಮತ್ತು ಮೊದಲ ಇ.ಪಿ.

1985ರಲ್ಲಿ ಸಿಯಾಟಲ್ ನಗರದಲ್ಲಿ ಕ್ರಿಸ್ ಹ್ಯಾನ್ಜೆಕ್ ಅವರ ಮುದ್ರಣದಲ್ಲಿ ಸಿದ್ಧವಾದ ಡೀಪ್ ಸಿಕ್ಸ್ ಎಂಬ ಸಂಕಲನವು 1986ರಲ್ಲಿ ಸಿ/ಝಡ್ ರೆಕಾರ್ಡ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಗ್ರೀನ್ ರಿವರ್, ಮಾಲ್‌ಫಂಕ್‌ಷನ್, ಸ್ಕಿನ್ ಯಾರ್ಡ್, ಸೌಂಡ್‌ಗಾರ್ಡನ್ ಮತ್ತು ಯು-ಮೆನ್ ತಂಡಗಳ ಜೊತೆಗೆ ಮೆಲ್ವಿನ್ಸ್ ಕೂಡ ಇದರಲ್ಲಿ ಸ್ಥಾನ ಪಡೆಯಿತು. ಮುಂದೆ ಗ್ರಂಜ್ ಎಂದು ಹೆಸರಾದ ಸಂಗೀತದ ಮೊದಲ ದಾಖಲೆಗಳಲ್ಲಿ ಇದೂ ಒಂದು.

ಅದೇ ವರ್ಷ ಅದೇ ಸಂಸ್ಥೆಯು ತಂಡದ ಮೊದಲ ಸ್ವತಂತ್ರ ಮುದ್ರಿಕೆಯಾದ ಆರು ಗೀತೆಗಳ ಇ.ಪಿ.ಯನ್ನು ಹೊರತಂದಿತು. ತೆವಳುವ ಗತಿ ಎಂಬರ್ಥದ ಆಟ್ ಎ ಕ್ರಾಲ್ ಎಂಬ ಗೀತೆ ಇದರಲ್ಲಿದೆ. ಈ ಇ.ಪಿ. ಮುಂದೆ ಗೀತೆಗಳ ಸಂಖ್ಯೆ ಹೆಚ್ಚಿದಂತೆ ಹೆಸರನ್ನೂ ಬದಲಿಸಿಕೊಳ್ಳುತ್ತ ಮರುಮುದ್ರಣಗೊಂಡಿತು. 2003ರಲ್ಲಿ ಇಪೆಕ್ಯಾಕ್ ಸಂಸ್ಥೆಯು 26 ಸಾಂಗ್ಸ್ ಎಂಬ ಹೆಸರಿನಲ್ಲಿ ಆ ಕಾಲದ ಇತರ ಮುದ್ರಣಗಳನ್ನೂ ಸೇರಿಸಿ ಪ್ರಕಟಿಸಿತು.

ಗ್ಲೂಯಿ ಪೋರ್ಚ್ ಟ್ರೀಟ್‌ಮೆಂಟ್ಸ್

ತಂಡದ ಮೊದಲ ಪೂರ್ಣ ಪ್ರಮಾಣದ ಗೀತಸಂಪುಟವು 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಲ್ಕೆಮಿ ರೆಕಾರ್ಡ್ಸ್ ಸಂಸ್ಥೆಯಿಂದ ಹೊರಬಂದಿತು. ಮಾರ್ಕ್ ಡ್ಯೂಟ್ರಮ್ ಇದರ ನಿರ್ಮಾಪಕರು. ಮುಂದೆ 1990ರ ದಶಕದಲ್ಲಿ ಅವರೇ ತಂಡದ ಬಾಸ್ ವಾದಕರಾದರು. ಮೊದಲ ಗೀತೆಯಾದ ಐ ಫ್ಲೈಸ್ ಆರು ನಿಮಿಷಕ್ಕೂ ಹೆಚ್ಚು ದೀರ್ಘವಾಗಿದ್ದು, ಗಾಯನವು ಬಹಳ ತಡವಾಗಿ ಪ್ರವೇಶಿಸುತ್ತದೆ. ಉಳಿದ ಗೀತೆಗಳಲ್ಲಿ ಹೆಚ್ಚಿನವು ಚಿಕ್ಕವು. ಗತಿಯು ಅನಿರೀಕ್ಷಿತವಾಗಿ ನಿಂತು, ಮತ್ತೆ ಬೇರೊಂದು ತಾಳದಲ್ಲಿ ಮುಂದುವರಿಯುವುದು ಇವುಗಳ ವೈಶಿಷ್ಟ್ಯ. ಸ್ಲಡ್ಜ್ ಮೆಟಲ್ ಪ್ರಕಾರದ ಮೊದಲ ಗೀತಸಂಪುಟವೆಂದು ಇದನ್ನು ಅನೇಕ ವಿಮರ್ಶಕರು ಹೆಸರಿಸುತ್ತಾರೆ.

ಓಝ್ಮಾ

1988ರ ವೇಳೆಗೆ ಓಸ್ಬೋರ್ನ್ ಮತ್ತು ಕ್ರೋವರ್ ಸ್ಯಾನ್ ಫ್ರಾನ್ಸಿಸ್ಕೊಗೆ ನೆಲೆ ಬದಲಿಸಿದರು. ವಾಷಿಂಗ್ಟನ್ ರಾಜ್ಯದಲ್ಲೇ ಉಳಿದ ಲೂಕಿನ್ ಮಡ್‌ಹನಿ ತಂಡವನ್ನು ಸೇರಿದರು. ಅವರ ಸ್ಥಾನಕ್ಕೆ ಹಾಲಿವುಡ್‌ನ ಹಿಂದಿನ ಬಾಲನಟಿ ಶರ್ಲಿ ಟೆಂಪಲ್ ಅವರ ಮಗಳು ಲೋರಿ ಬ್ಲ್ಯಾಕ್ ಬಂದರು. ತಂಡದ ಎರಡನೆಯ ಸಂಪುಟವಾದ ಓಝ್ಮಾ 1989ರಲ್ಲಿ ಬೋನರ್ ರೆಕಾರ್ಡ್ಸ್ ಸಂಸ್ಥೆಯಿಂದ ಪ್ರಕಟವಾಯಿತು. ಇದರ ನಿರ್ಮಾಪಕರೂ ಡ್ಯೂಟ್ರಮ್ ಅವರೇ.

ಪ್ರಭಾವ

ಅಬರ್ಡೀನ್‌ನಲ್ಲಿ ಬೆಳೆದ ಕರ್ಟ್ ಕೊಬೇನ್ ಈ ತಂಡದ ಅಭ್ಯಾಸಗಳಿಗೆ ಬಂದು ಕೇಳುತ್ತಿದ್ದ ಗೆಳೆಯರಲ್ಲಿ ಒಬ್ಬರು. ಅವರ ನಿರ್ವಾಣ ತಂಡವು 1988ರ ಜನವರಿ 23ರಂದು ಜ್ಯಾಕ್ ಎಂಡಿನೊ ಅವರ ಬಳಿ ಮಾಡಿದ ಮಾದರಿ ಮುದ್ರಣದಲ್ಲಿ ಡ್ರಮ್ಸ್ ನುಡಿಸಿದವರು ಕ್ರೋವರ್. ಅವುಗಳಲ್ಲಿ ಕೆಲವು ಗೀತೆಗಳು 1989ರ ಬ್ಲೀಚ್ ಸಂಪುಟಕ್ಕೆ ಸೇರಿದವು. ನ್ಯೂ ಆರ್ಲಿಯನ್ಸ್ ನಗರದ ಐಹೇಟ್‌ಗಾಡ್ ಮುಂತಾದ ತಂಡಗಳು ಈ ಶೈಲಿಯನ್ನು ಮುಂದುವರಿಸಿ ಪ್ರತ್ಯೇಕ ಪ್ರಕಾರವಾಗಿ ಬೆಳೆಸಿದವು. ಜಪಾನಿನ ಬೋರಿಸ್ ತಂಡವು ತನ್ನ ಹೆಸರನ್ನು ಮೆಲ್ವಿನ್ಸ್ ತಂಡದ 1991ರ ಬುಲ್‌ಹೆಡ್ ಸಂಪುಟದ ಗೀತೆಯೊಂದರಿಂದ ಪಡೆದಿದೆ.

ಕರ್ನಾಟಕದಲ್ಲಿ ಭಾರವಾದ, ನಿಧಾನಗತಿಯ ಮೆಟಲ್ ಸಂಗೀತದ ಪರಂಪರೆಯು ಬೆಂಗಳೂರಿನಲ್ಲಿ ಬೆಳೆಯಿತು. ಡೈಯಿಂಗ್ ಎಂಬ್ರೇಸ್ ತಂಡವು 1990ರ ದಶಕದಲ್ಲಿ ಡೂಮ್ ಮತ್ತು ಡೆತ್ ಮೆಟಲ್ ಶೈಲಿಗಳನ್ನು ಬೆರೆಸಿ ನುಡಿಸಿತು. ಸ್ಲಡ್ಜ್‌ಗೆ ಹತ್ತಿರದ ಸ್ಟೋನರ್ ಹಾಗೂ ಡೂಮ್ ಮೆಟಲ್ ನುಡಿಸುವ ಬೇವರ್ ಸೀ ತಂಡದ ಮೊದಲ ಸಂಪುಟವು 2012ರಲ್ಲಿ ಬಿಡುಗಡೆಯಾಯಿತು. ಕನ್ನಡದ ಆಡುಮಾತಿನ ಬೈಗುಳವೊಂದನ್ನು ಇಂಗ್ಲಿಷಿನಂತೆ ಬಿಡಿಸಿ ಬರೆದ ಶ್ಲೇಷೆಯೇ ಈ ತಂಡದ ಹೆಸರು.

ಮುದ್ರಣಗಳ ಪಟ್ಟಿ

ಮಾದರಿ ಮುದ್ರಣಗಳು: ಮುದ್ರಣ 1983, ಪ್ರಕಟಣೆ 2005
ಡೀಪ್ ಸಿಕ್ಸ್ ಸಂಕಲನದ ಗೀತೆಗಳು: 1986
ಆರು ಗೀತೆಗಳ ಇ.ಪಿ.: 1986
ಗ್ಲೂಯಿ ಪೋರ್ಚ್ ಟ್ರೀಟ್‌ಮೆಂಟ್ಸ್: 1987
ಓಝ್ಮಾ: 1989