ಧಾತು–ಈಶ್ವರ ಸಂವತ್ಸರಗಳ ಕ್ಷಾಮವೂ ನಮ್ಮ ದಾಸೋಹವೂ



ಹಸಿದು ಬಂದವರಿಗೆ ಅನ್ನವಿಕ್ಕುವುದು ಮಠಗಳ ನಿತ್ಯಧರ್ಮ. ಆದರೆ ಉಂಡೆದ್ದವನು ಆ ರಾತ್ರಿ ಎಲ್ಲಿ ತಲೆಯಿಡುವನೆಂದು ನಾವು ಎಷ್ಟು ಸಲ ವಿಚಾರಿಸಿದ್ದೇವೆ? ಈ ಪ್ರಶ್ನೆಯ ಮಹತ್ತ್ವವನ್ನು ನಮ್ಮ ಸೀಮೆಯ ಇತಿಹಾಸವೇ ತಿಳಿಸಿಕೊಡುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ನಂದಿಯ ಬೆಟ್ಟಸಾಲಿನಲ್ಲಿ ನದಿಗಳು ಹುಟ್ಟಿದರೂ ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೆರೆಯೇ ಜೀವಾಧಾರ. 1875ರಲ್ಲಿ ಮಳೆ ಕುಂದಿತು. 1876ರಲ್ಲಿ, ಧಾತು ಸಂವತ್ಸರದಲ್ಲಿ, ಪೂರ್ಣವಾಗಿ ಕೈಕೊಟ್ಟಿತು. ಮರುವರ್ಷ ಈಶ್ವರ ಸಂವತ್ಸರ ಬರುವಷ್ಟರಲ್ಲಿ ದವಸ ತೀರಿ, ದನಗಳು ಸತ್ತು, ಜನರು ಮನೆಮಾರು ತೊರೆದು ಬೀದಿಗೆ ಬಿದ್ದಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಈ ಎರಡು ಅಂಕಿಗಳ ನಡುವಿನ ಅಂತರವೇ ಕ್ಷಾಮದ ಘೋರತೆಗೆ ಸಾಕ್ಷಿ.

ಅಂದಿನ ಸರ್ಕಾರವು ಗಂಜಿಕೇಂದ್ರಗಳನ್ನು ತೆರೆಯಿತು. ಆದರೆ ಗಂಜಿಯನ್ನರಸಿ ಊರು ಬಿಟ್ಟವರು ಊರಿಗೂ ಉದ್ಯೋಗಕ್ಕೂ ದೂರವಾದರು. 1877ರಲ್ಲಿ ಕ್ಷಾಮ ಕಮಿಷನರರಾಗಿ ಬಂದ ಎಲಿಯಟ್ಟರು ಶಕ್ತರನ್ನು ಕಾಮಗಾರಿಗಳಿಗೆ ಕಳುಹಿಸಿ, ಅಶಕ್ತರಿಗಷ್ಟೇ ಗಂಜಿಯನ್ನು ಉಳಿಸಿದರು. ಬೆಂಗಳೂರು–ಮೈಸೂರು ರೈಲುಹಾದಿಯೂ ಅಂತಹ ಪರಿಹಾರ ಕಾಮಗಾರಿಯಾಗಿಯೇ ಆರಂಭವಾಯಿತು. ಅದೇ ವರ್ಷ ಲಂಡನ್ನಿನ ಮೇಯರರು ತೆರೆದ ಸಹಾಯನಿಧಿಯು ಬಿತ್ತನೆ ಬೀಜ, ಎತ್ತು, ಮನೆಯ ದುರಸ್ತಿಗಳಿಗೂ ಹಣ ನೀಡಿತು. ಈ ನೆರವು ತಡವಾಗಿ ಬಂತು. ಲಕ್ಷಾಂತರ ಜನರಿಗೆ ತಲುಪಲೇ ಇಲ್ಲ. ಆದರೂ ಅದರಲ್ಲಿ ಒಂದು ವಿವೇಕವಿತ್ತು: ಗಂಜಿ ಪ್ರಾಣವನ್ನು ಉಳಿಸುತ್ತದೆ, ಬಾಳನ್ನು ಮರಳಿಸಬೇಕಾದರೆ ಸೂರು, ಬೀಜ, ಎತ್ತು, ಕೆಲಸ ಇವೆಲ್ಲವೂ ಒಟ್ಟಿಗೆ ಒದಗಬೇಕು.

ಒಂದೂಕಾಲು ಶತಮಾನಕ್ಕೂ ಮೀರಿದ ಕಾಲದ ಬಳಿಕ ನಮ್ಮ ದೇಶವು ಇದೇ ಮಾತನ್ನು ನಿಯಮವಾಗಿ ಬರೆಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು, ನಿರಾಶ್ರಿತರ ವಸತಿಗೃಹವು ಮಲಗುವ ತಾಣ ಮಾತ್ರವಾಗದೆ, ಗುರುತಿನ ಚೀಟಿ, ಪಡಿತರ, ಪಿಂಚಣಿ, ಆಸ್ಪತ್ರೆ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಇವುಗಳೊಡನೆ ಬೆಸೆದಿರಬೇಕೆಂದು ವಿಧಿಸಿತು. ವಿಳಾಸವಿಲ್ಲದವನಿಗೆ ಪಡಿತರವಿಲ್ಲ, ಗುರುತಿನ ಚೀಟಿಯಿಲ್ಲದವನಿಗೆ ಪಿಂಚಣಿಯಿಲ್ಲ. ಒಂದು ಕಚೇರಿಯಿಂದ ಮತ್ತೊಂದಕ್ಕೆ ಅಲೆದು ಸೋತವನು ಮರಳಿ ಬಸ್ ನಿಲ್ದಾಣದ ಕಲ್ಲುಬೆಂಚಿಗೇ ಬರುತ್ತಾನೆ.

ಮಠದ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ವೈದ್ಯರಿದ್ದೀರಿ, ಉಪಾಧ್ಯಾಯರಿದ್ದೀರಿ, ತಾಲ್ಲೂಕು ಕಚೇರಿಯ ಮತ್ತು ಬ್ಯಾಂಕಿನ ನೌಕರರಿದ್ದೀರಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬಿನವರೂ ಇದ್ದೀರಿ. ಪಂಕ್ತಿಯಲ್ಲಿ ಕುಳಿತ ಒಬ್ಬ ನಿರ್ಗತಿಕನ ಹೆಸರನ್ನು ಕೇಳಿರಿ. ಅವನನ್ನು ಚಿಕಿತ್ಸೆಗೆ ಒಬ್ಬರು, ಕಾಗದಪತ್ರಕ್ಕೆ ಒಬ್ಬರು, ಕೆಲಸಕ್ಕೆ ಒಬ್ಬರು ಕೈಹಿಡಿದು ನಡೆಸಿರಿ. ಅವನು ತನ್ನ ಮನೆಯಲ್ಲಿ ತಾನೇ ಒಲೆ ಹಚ್ಚಿದ ದಿನ ನಮ್ಮ ದಾಸೋಹ ಪೂರ್ಣವಾಗುವುದು.