ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿ

1913ರ ಜೂನ್ 4ರಂದು ಬರೋಡಾ ಸಂಸ್ಥಾನದ ಶಿಕ್ಷಣ ಇಲಾಖೆಯ ಅಧಿಕಾರಿಯ ಎದುರು 22 ವರ್ಷದ ಭೀಮರಾವ್ ಅಂಬೇಡ್ಕರ್ ಒಂದು ಕರಾರಿಗೆ ಸಹಿ ಹಾಕಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಸಂಸ್ಥಾನ ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಕೊಡಬೇಕು. ಓದು ಮುಗಿಸಿ ಬಂದು ಅವರು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು. ಆಗ ಒಂದು ಪೌಂಡಿಗೆ 15 ರೂಪಾಯಿ. ಅಂದರೆ ತಿಂಗಳಿಗೆ 172 ರೂಪಾಯಿ ಎಂಟಾಣೆ. ತಂದೆ ರಾಮಜಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತಷ್ಟೆ. ಮುಂಬೈಯಲ್ಲಿದ್ದ ಸಂಸಾರಕ್ಕೂ ಈ ಹಣದಲ್ಲೇ ಒಂದು ಪಾಲು ಹೋಗಬೇಕಿತ್ತು.

ವಿದೇಶದ ಓದು ಎಂದ ಕೂಡಲೇ ನಾವು ಮೊದಲು ಕೇಳುವುದು ಫೀಸು ಎಷ್ಟು ಎಂದು. ಕಳೆದ ನೂರಿಪ್ಪತ್ತೈದು ವರ್ಷಗಳ ಇತಿಹಾಸ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಯಾರು ಹೊರಡಬಲ್ಲರು ಎಂಬುದನ್ನು ಫೀಸು ತೀರ್ಮಾನಿಸಿರಬಹುದು. ಯಾರು ಓದು ಮುಗಿಸಿ ಬಂದರು ಎಂಬುದನ್ನು ತೀರ್ಮಾನಿಸಿದ್ದು ಬಾಡಿಗೆ, ಊಟ ಮತ್ತು ರೂಪಾಯಿಯ ದರ. ಏನನ್ನು ಓದಬೇಕು, ಬಂದಮೇಲೆ ಯಾರ ಕೈಕೆಳಗೆ ದುಡಿಯಬೇಕು ಎಂಬುದನ್ನು ತೀರ್ಮಾನಿಸಿದ್ದು ಹಣ ಕೊಟ್ಟವರು.

ಮೂರು ಥೈಲಿಗಳು

ಬ್ರಿಟಿಷರ ಕಾಲದಲ್ಲಿ ಹೊರದೇಶಕ್ಕೆ ಓದಲು ಹೋಗುವವರಿಗೆ ಸಾಮಾನ್ಯವಾಗಿ ಮೂರು ದಾರಿಗಳಿದ್ದವು.

ಮೊದಲನೆಯದು ಮನೆಯ ಹಣ. ಮೋಹನದಾಸ ಗಾಂಧಿ ಬ್ಯಾರಿಸ್ಟರಿಕೆಗೆ ಹೊರಟಾಗ ಕುಟುಂಬದ ಹಿತೈಷಿ ಮಾವಜಿ ದವೆ ಹಾಕಿಕೊಟ್ಟ ಅಂದಾಜು ನಾಲ್ಕೈದು ಸಾವಿರ ರೂಪಾಯಿ. ಆ ಭಾರ ಹೊತ್ತವರು ಅಣ್ಣ. ಲಂಡನ್ನಿನಲ್ಲಿ ಗಾಂಧಿ ಕಾಸುಕಾಸಿನ ಲೆಕ್ಕ ಬರೆದಿಟ್ಟರು, ಬಾಡಿಗೆಯ ಕೋಣೆಗಳನ್ನು ಬಿಟ್ಟು ಒಂದೇ ಕೋಣೆಗೆ ಬಂದರು, ಬಸ್ಸು ಬಿಟ್ಟು ನಡೆದರು, ಬೆಳಗಿನ ಅಡುಗೆಯನ್ನು ತಾವೇ ಮಾಡಿಕೊಂಡರು. ಆತ್ಮಕಥೆಯಲ್ಲಿ ಇದನ್ನು ಅವರು ಸರಳ ಜೀವನದ ಪ್ರಯೋಗವೆಂದು ವಿವರಿಸಿದ್ದಾರೆ. ಅದರ ಹಿಂದೆ ಅಣ್ಣನ ದುಡ್ಡಿನ ಅಳುಕೂ ಇತ್ತು.

ಎರಡನೆಯದು ಸಾಲ. 1892ರಲ್ಲಿ ಜಮ್‌ಷೇಟ್‌ಜಿ ಟಾಟಾ ಭಾರತೀಯರ ಉನ್ನತ ಶಿಕ್ಷಣಕ್ಕೆಂದು ಒಂದು ದತ್ತಿನಿಧಿ ಸ್ಥಾಪಿಸಿದರು. ಅದು ದಾನವಲ್ಲ, ಸಾಲ ರೂಪದ ವಿದ್ಯಾರ್ಥಿವೇತನ. ಹಿಂದಿನವರು ತೀರಿಸಿದ ಹಣದಲ್ಲಿ ಮುಂದಿನವರು ಓದಬೇಕು. ಮೊದಲ ಫಲಾನುಭವಿಗಳಲ್ಲಿ ಇಬ್ಬರು ಮಹಿಳಾ ವೈದ್ಯರು: ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವ್ಕರ್. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್.ಡಿ. ಮಾಡಿದ್ದು, ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋದದ್ದು ಟಾಟಾ ನೆರವಿನಿಂದಲೇ.

ಮೂರನೆಯದು ಸಂಸ್ಥಾನದ ಬೊಕ್ಕಸ. ಅದರಿಂದ ಬಂದ ಹಣವನ್ನು ತೀರಿಸಬೇಕಿರಲಿಲ್ಲ. ತೀರಿಸಬೇಕಾದದ್ದು ಆಯುಷ್ಯದ ಒಂದಿಷ್ಟು ವರ್ಷಗಳನ್ನು.

ಮೂರು ವರ್ಷದ ಕಂದಕ

ಕೊಲಂಬಿಯಾದಲ್ಲಿ ಅಂಬೇಡ್ಕರ್ 1915ರಲ್ಲಿ ಎಂ.ಎ. ಪಡೆದು, 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ವರ್ಷ ತುಂಬುವುದರೊಳಗೆ ಬರೋಡಾದ ವಿದ್ಯಾರ್ಥಿವೇತನ ಮುಗಿಯಿತು. ಪ್ರವೇಶ ಸಿಕ್ಕಿತ್ತು, ಪ್ರಾಧ್ಯಾಪಕರ ಮೆಚ್ಚುಗೆ ಇತ್ತು, ಪ್ರಬಂಧದ ಕೆಲಸ ನಡೆದಿತ್ತು. ಇಲ್ಲದ್ದು ಲಂಡನ್ನಿನಲ್ಲಿ ಉಳಿಯುವ ಹಣ. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಬಹುದು ಎಂಬ ಅನುಮತಿ ಪಡೆದು 1917ರಲ್ಲಿ ಹಡಗು ಹತ್ತಿದರು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧಕಾಲದ ಟಾರ್ಪಿಡೊ ದಾಳಿಯಲ್ಲಿ ಸಮುದ್ರದ ಪಾಲಾದವು.

ಕರಾರಿನಂತೆ ಬರೋಡಾಕ್ಕೆ ಹೋದರು. ಎರಡು ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದವರಿಗೆ ಆ ಊರಿನಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿ ವಸತಿಗೃಹವೊಂದರಲ್ಲಿ ಇದ್ದರು. ವಿಷಯ ತಿಳಿದಾಗ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಹತ್ತು ವರ್ಷದ ಸೇವೆಯ ಕರಾರು ಕೆಲವೇ ದಿನಗಳಲ್ಲಿ ಮುರಿದುಬಿತ್ತು. ಲಂಡನ್ನಿನಲ್ಲಿ ಕೋಣೆಗೆ ದುಡ್ಡಿರಲಿಲ್ಲ. ಬರೋಡಾದಲ್ಲಿ ದುಡ್ಡಿದ್ದರೂ ಕೋಣೆ ಇರಲಿಲ್ಲ.

1918ರ ನವೆಂಬರಿನಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ತಿಂಗಳಿಗೆ 450 ರೂಪಾಯಿಯ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಆ ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಕೊಲಂಬಿಯಾ ಕಾಲದ ಗೆಳೆಯ ನವಲ್ ಭಥೇನಾ ಕೊಟ್ಟ 5,000 ರೂಪಾಯಿ ಸಾಲ ಇವಿಷ್ಟನ್ನು ಕೂಡಿಸಿಕೊಂಡು 1920ರ ಜುಲೈಯಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ನಡುವೆ ಹೋದದ್ದು ಮೂರು ವರ್ಷ. ಆ ಕಂದಕ ತೋಡಿದ್ದು ಫೀಸಲ್ಲ, ತಿಂಗಳ ಖರ್ಚು.

ರೂಪಾಯಿಯ ಸಮಸ್ಯೆ

ಅವರು ಹೊರಟ ವರ್ಷ ಇನ್ನೊಂದು ಸಂಗತಿ ನಡೆಯಿತು. 1920ರ ಆರಂಭದಲ್ಲಿ ರೂಪಾಯಿಯ ಬೆಲೆ ಎರಡು ಶಿಲ್ಲಿಂಗನ್ನೂ ದಾಟಿ ಏರಿತ್ತು. ಬ್ಯಾಬಿಂಗ್ಟನ್ ಸ್ಮಿತ್ ಸಮಿತಿ ಎರಡು ಶಿಲ್ಲಿಂಗಿನ ದರವನ್ನು ಶಿಫಾರಸು ಮಾಡಿತು. ಸರ್ಕಾರಕ್ಕೆ ಅದನ್ನು ಹಿಡಿದಿಡಲು ಆಗಲಿಲ್ಲ. 1921ರ ಹೊತ್ತಿಗೆ ರೂಪಾಯಿ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸಿಗಿಂತ ಕೆಳಗಿಳಿಯಿತು. ವಿದ್ಯಾರ್ಥಿಯ ಲೆಕ್ಕದಲ್ಲಿ ಇದನ್ನು ನೋಡಿ: ಎರಡು ಶಿಲ್ಲಿಂಗಿನ ದರದಲ್ಲಿ ಸಾವಿರ ರೂಪಾಯಿ ಕೊಟ್ಟರೆ 100 ಪೌಂಡ್ ಸಿಗುತ್ತದೆ. ಒಂದು ಶಿಲ್ಲಿಂಗ್ ನಾಲ್ಕು ಪೆನ್ಸಿನ ದರದಲ್ಲಿ ಸಿಗುವುದು 67 ಪೌಂಡಿಗೂ ಕಡಿಮೆ. ಕಾಲೇಜು ಫೀಸನ್ನು ಒಂದು ಪೆನ್ನಿಯೂ ಏರಿಸದಿದ್ದರೂ ಭಾರತದಿಂದ ಹಣ ತರಿಸುವವನ ಖರ್ಚು ಅರ್ಧದಷ್ಟು ಏರಿತು.

ಅದೇ ಲಂಡನ್ನಿನಲ್ಲಿ ಕುಳಿತು, ಅದೇ ವರ್ಷಗಳಲ್ಲಿ ಅಂಬೇಡ್ಕರ್ ಡಿ.ಎಸ್ಸಿ. ಪದವಿಗೆ ಬರೆದ ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ! ಭಾರತದ ನಾಣ್ಯ ನೀತಿಯ ಆ ಅಧ್ಯಯನ 1923ರಲ್ಲಿ ಪುಸ್ತಕವಾಯಿತು. ವಿನಿಮಯ ದರ ಬಡವನ ಜೇಬಿಗೆ ಏನು ಮಾಡುತ್ತದೆ ಎಂಬುದನ್ನು ಅರಿಯಲು ಅವರಿಗೆ ಗ್ರಂಥಾಲಯವೊಂದೇ ಆಧಾರವಾಗಿರಲಿಲ್ಲ. ಪ್ರಬಂಧವನ್ನು ತಿದ್ದಿಕೊಡಿ ಎಂದು ಪರೀಕ್ಷಕರು ಹೇಳುವ ಹೊತ್ತಿಗೆ ಕೈ ಬರಿದಾಗಿತ್ತು. 1923ರ ಏಪ್ರಿಲಿನಲ್ಲಿ ಮುಂಬೈಗೆ ಮರಳಿ, ಇಲ್ಲಿಂದಲೇ ತಿದ್ದಿ ಕಳಿಸಿದರು. ಅದೇ ವರ್ಷದ ಕೊನೆಗೆ ಪದವಿ ಬಂತು.

ಸರ್ಕಾರ ತೆತ್ತ ಕಾಲ

1942ರಲ್ಲಿ ಅಂಬೇಡ್ಕರ್ ವೈಸರಾಯ್ ಲಿನ್‌ಲಿಥ್ಗೋಗೆ ಒಂದು ಮನವಿ ಕೊಟ್ಟರು. ಅಸ್ಪೃಶ್ಯ ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲು ಸರ್ಕಾರ ಹಣ ಕೊಡಬೇಕೆಂಬುದು ಅದರ ಬೇಡಿಕೆಗಳಲ್ಲಿ ಒಂದು. ತನಗೆ ರಾಜರೊಬ್ಬರ ಔದಾರ್ಯವಾಗಿ ಸಿಕ್ಕಿದ್ದು ಮುಂದಿನವರಿಗೆ ಹಕ್ಕಾಗಿ ಸಿಗಬೇಕು ಎಂಬುದು ಅದರ ತಿರುಳು. ಸ್ವತಂತ್ರ ಭಾರತದಲ್ಲಿ 1954–55ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಆರಂಭವಾಯಿತು.

ಆತಿಥೇಯ ದೇಶಗಳೂ ಆಗ ಕೊಡುಗೈಯಾಗಿದ್ದವು. ಶೀತಲ ಸಮರದ ಕಾಲ. ಹೊಸದಾಗಿ ಸ್ವತಂತ್ರವಾದ ದೇಶಗಳ ಬುದ್ಧಿವಂತರು ತಮ್ಮ ಕಡೆಗಿರಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಭಾರತ ಮತ್ತು ಅಮೆರಿಕದ ನಡುವೆ ಫುಲ್‌ಬ್ರೈಟ್ ಒಪ್ಪಂದ 1950ರಲ್ಲಿ ಆಯಿತು. ಅದೇ ನೆರವಿನಿಂದ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೊದಲ ತಂಡ 1960ರಲ್ಲಿ ಹೊರಟಿತು. ಅದನ್ನು ಪಡೆದು 1963ರಲ್ಲಿ ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಅವರು ಪಿಎಚ್.ಡಿ. ಮಾಡಿದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ; ಅಲ್ಲಿದ್ದಾಗಲೇ ಕನ್ನಡದಲ್ಲಿ ಬರೆದದ್ದು ‘ಸಂಸ್ಕಾರ’. ಫೀಸು, ಪ್ರಯಾಣ, ತಿಂಗಳ ಖರ್ಚು ಮೂರನ್ನೂ ಹೊತ್ತ ವೇತನವದು. ಪ್ರಬಂಧದ ನಡುವೆ ಕಾದಂಬರಿಗೂ ಬಿಡುವು ಸಿಗುವುದು ಅಂಥ ನೆಮ್ಮದಿಯಲ್ಲಿ.

ವೇತನ ಸಿಗದವರ ಪಾಡು ಬೇರೆ. 1966ರ ಜೂನ್ 6ರಂದು ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಹಾರಿತು. ವಿದೇಶಿ ವಿನಿಮಯದ ಬಿಗಿ ನಿಯಮಗಳಿಂದಾಗಿ ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಕಥೆ ಆ ತಲೆಮಾರಿನ ಅನೇಕರ ಮನೆಗಳಲ್ಲಿ ಇಂದಿಗೂ ಕೇಳುತ್ತದೆ. ಎಂಟು ಡಾಲರಿನಲ್ಲಿ ಬದುಕಲು ಸಾಧ್ಯವಾಗಿದ್ದು ಅಮೆರಿಕದ ವಿಶ್ವವಿದ್ಯಾಲಯಗಳ ಅಸಿಸ್ಟೆಂಟ್‌ಶಿಪ್ ಎಂಬ ಏರ್ಪಾಟಿನಿಂದ. ಪಾಠ ಹೇಳು ಅಥವಾ ಪ್ರಯೋಗಾಲಯದಲ್ಲಿ ದುಡಿ, ಫೀಸು ಮಾಫಿ, ತಿಂಗಳಿಗೆ ಸಂಬಳ. ಎಂಜಿನಿಯರಿಂಗ್ ಮತ್ತು ವಿಜ್ಞಾನದವರಿಗೆ ಈ ಬಾಗಿಲು ಅಗಲವಾಗಿತ್ತು, ಮಾನವಿಕ ವಿಷಯದವರಿಗೆ ಕಿರಿದು.

ಅತಿಥಿ ಗಿರಾಕಿಯಾದ ಬಗೆ

ಬ್ರಿಟನ್ನಿನಲ್ಲಿ 1960ರ ದಶಕದ ನಡುವಿನವರೆಗೆ ಹೊರದೇಶದವರಿಗೂ ಸ್ವದೇಶದವರಿಗೂ ಒಂದೇ ಫೀಸು. ಅದು ನಿಜವಾದ ಖರ್ಚಿನ ಸಣ್ಣ ಭಾಗ. ಉಳಿದದ್ದನ್ನು ಅಲ್ಲಿನ ತೆರಿಗೆದಾರರು ತುಂಬುತ್ತಿದ್ದರು. 1966ರ ಡಿಸೆಂಬರಿನಲ್ಲಿ ಶಿಕ್ಷಣ ಸಚಿವ ಆಂಥನಿ ಕ್ರಾಸ್‌ಲ್ಯಾಂಡ್ ಈ ಸಮಾನತೆಯನ್ನು ಮುರಿದರು. 1967–68ರಿಂದ ಹೊರದೇಶದವರಿಗೆ ವರ್ಷಕ್ಕೆ 250 ಪೌಂಡ್, ಸ್ವದೇಶದವರಿಗೆ ಸುಮಾರು 70. ಲೇಬರ್ ಸರ್ಕಾರವೇ ಇದನ್ನು ಮಾಡಿತು. ವಿದ್ಯಾರ್ಥಿಗಳೂ ವಿಶ್ವವಿದ್ಯಾಲಯಗಳೂ ಪ್ರತಿಭಟಿಸಿದರೂ ಅದು ಹಿಂದೆ ಸರಿಯಲಿಲ್ಲ.

ಹದಿಮೂರು ವರ್ಷದ ನಂತರ ಮಾರ್ಗರೆಟ್ ಥ್ಯಾಚರ್ ಸರ್ಕಾರ ಉಳಿದ ಸಹಾಯಧನವನ್ನೂ ಕಿತ್ತುಹಾಕಿತು. 1980–81ರಿಂದ ಹೊಸದಾಗಿ ಸೇರುವ ಹೊರದೇಶದವರು ಪೂರ್ತಿ ಖರ್ಚು ತೆರಬೇಕು: ಕಲಾ ವಿಷಯಗಳಿಗೆ ಕನಿಷ್ಠ 2,000 ಪೌಂಡ್, ವಿಜ್ಞಾನಕ್ಕೆ 3,000, ವೈದ್ಯಕೀಯದ ಕ್ಲಿನಿಕಲ್ ಹಂತಕ್ಕೆ 5,000. ಆಗ ಪೌಂಡಿಗೆ ಸುಮಾರು 18 ರೂಪಾಯಿ. ಕಲಾ ವಿಷಯದ ಒಂದು ವರ್ಷಕ್ಕೇ 36,000 ರೂಪಾಯಿ. ಹೊರದೇಶದ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಮಲೇಷ್ಯಾದ ಪ್ರಧಾನಿ ಮಹಾತಿರ್ 1981ರಲ್ಲಿ ಬ್ರಿಟಿಷ್ ವಸ್ತುಗಳನ್ನು ಕಟ್ಟಕಡೆಗೆ ಕೊಳ್ಳಿ ಎಂಬ ನೀತಿ ಸಾರಿದ್ದರ ಹಿಂದೆ ಈ ಫೀಸಿನ ಸಿಟ್ಟೂ ಇತ್ತು. ಸ್ವಲ್ಪ ಕಾಲದಲ್ಲೇ ವಿಶ್ವವಿದ್ಯಾಲಯಗಳಿಗೆ ಒಂದು ಸತ್ಯ ಹೊಳೆಯಿತು: ಹೊರದೇಶದ ವಿದ್ಯಾರ್ಥಿ ಹೊರೆಯಲ್ಲ, ಆದಾಯ. ಒಂದು ವರ್ಷದ ಮಾಸ್ಟರ್ಸ್ ಪದವಿ ಅಲ್ಲಿಂದ ಮುಂದೆ ದೊಡ್ಡ ರಫ್ತು ಸರಕಾಯಿತು. ಪಿಎಚ್.ಡಿ.ಗೆ ವೇತನ ಹುಡುಕಬಹುದು. ಮಾಸ್ಟರ್ಸನ್ನು ಹೆಚ್ಚಿನವರು ಕೊಂಡುಕೊಳ್ಳಬೇಕು.

ಜರ್ಮನಿ ಬೇರೆ ಹಾದಿ ಹಿಡಿಯಿತು. ಕೆಲವು ರಾಜ್ಯಗಳು ತಂದಿದ್ದ ಫೀಸನ್ನು 2014ರ ಹೊತ್ತಿಗೆ ಎಲ್ಲವೂ ಕೈಬಿಟ್ಟವು. 2017ರಲ್ಲಿ ಬಾಡೆನ್–ವುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸಿತು. ಫೀಸಿಲ್ಲದ ಕಡೆಯೂ ವೀಸಾಕ್ಕೆ ಬ್ಯಾಂಕ್ ಖಾತೆಯಲ್ಲಿ ಒಂದು ವರ್ಷದ ಜೀವನವೆಚ್ಚ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಕೆನಡಾ ಹಿಂದೆ ಕೇಳುತ್ತಿದ್ದ 10,000 ಡಾಲರನ್ನು 2024ರ ಜನವರಿಯಿಂದ 20,635 ಡಾಲರಿಗೆ ಏರಿಸಿತು. ಗಮನಿಸಿ, ಇವೆರಡೂ ಫೀಸಲ್ಲ. ಊಟ, ಬಾಡಿಗೆ.

ಮತ್ತೆ ಅದೇ ಕಂದಕ

ಹಣ ಹೊರಹೋಗಲು ಇಂದು ಭಾರತ ಅಡ್ಡಿ ಮಾಡುವುದಿಲ್ಲ. ಎಂಟು ಡಾಲರಿನ ದೇಶದಲ್ಲಿ ಈಗ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕಳಿಸಬಹುದು. ಆದರೆ ಅಷ್ಟು ಹಣ ಇರಬೇಕಲ್ಲ? 2001ರಲ್ಲಿ ಬ್ಯಾಂಕುಗಳ ಸಂಘ ಮಾದರಿ ಶಿಕ್ಷಣ ಸಾಲದ ಯೋಜನೆ ತಂದಮೇಲೆ ಆ ಪ್ರಶ್ನೆಗೆ ಉತ್ತರ ಸಾಲವೇ ಆಯಿತು. ಅಪ್ಪನ ಹೊಲವೋ ಪುಣೆಯ ಫ್ಲ್ಯಾಟೋ ಅಡಮಾನಕ್ಕೆ ಹೋಗುತ್ತದೆ. ರಾಜ ಹೊರುತ್ತಿದ್ದ, ಆಮೇಲೆ ಸರ್ಕಾರಗಳು ಹೊತ್ತಿದ್ದ ಅಪಾಯ ಈಗ ಮನೆಯೊಂದರ ತಲೆಮೇಲಿದೆ. ರೂಪಾಯಿ ಕುಸಿದರೆ, ವೀಸಾ ನಿಯಮ ಬದಲಾದರೆ, ಕೆಲಸ ಸಿಗದಿದ್ದರೆ ಹೊಡೆತ ತಿನ್ನುವುದು ಆ ಮನೆಯೇ.

ಅಡವಿಡಲು ಮನೆಯೇ ಇಲ್ಲದವರಿಗೆ ಉಳಿದದ್ದು 1954ರ ಆ ಸಾಗರೋತ್ತರ ವಿದ್ಯಾರ್ಥಿವೇತನ, ಮತ್ತೆ ಅಂಥ ರಾಜ್ಯ ಯೋಜನೆಗಳು. ಮಹಾರಾಷ್ಟ್ರದ ಯೋಜನೆಗೆ ಶಾಹೂ ಮಹಾರಾಜರದೇ ಹೆಸರು. ಕೇಂದ್ರದ ಯೋಜನೆಯಲ್ಲಿ ವರ್ಷಕ್ಕೆ 125 ಸ್ಥಾನ. ಫೀಸನ್ನು ಅದು ಪೂರ್ತಿ ಕೊಡುತ್ತದೆ. ಜೀವನವೆಚ್ಚಕ್ಕೆ ಬ್ರಿಟನ್ನಿನಲ್ಲಿ ವರ್ಷಕ್ಕೆ 9,900 ಪೌಂಡ್ ಎಂಬ ಮೊತ್ತ ಅದರ ಮಾರ್ಗಸೂಚಿಗಳಲ್ಲಿ ವರ್ಷಗಟ್ಟಲೆ ಅಲುಗದೆ ಕುಳಿತಿತ್ತು. ಅದೇ ಬ್ರಿಟನ್ 2025ರ ಜನವರಿಯಿಂದ ವಿದ್ಯಾರ್ಥಿಯ ಕನಿಷ್ಠ ಖರ್ಚೆಂದು ಹಿಡಿದದ್ದು ಲಂಡನ್ನಿನಲ್ಲಿ ತಿಂಗಳಿಗೆ 1,483 ಪೌಂಡ್, ಹೊರಗೆ 1,136. ಒಂಬತ್ತು ತಿಂಗಳಿಗೆ ಗುಣಿಸಿದರೆ ಲಂಡನ್ನಿಗೆ 13,347, ಹೊರಗೆ 10,224. ಅಂದರೆ ಹನ್ನೆರಡು ತಿಂಗಳಿಗೆಂದು ಕೊಡುವ ಹಣ ಲಂಡನ್ನಿನಾಚೆಯೂ ಒಂಬತ್ತು ತಿಂಗಳಿಗೆ ಸಾಲದು. ಸರ್ಕಾರದ ಪತ್ರ ತೋರಿಸಿದರೆ ವೀಸಾ ಅಧಿಕಾರಿ ಒಪ್ಪಬಹುದು. ಮನೆಯ ಮಾಲೀಕ ಒಪ್ಪುವುದಿಲ್ಲ.

ಥೈಲಿಗೆ ಕಟ್ಟಿದ ದಾರವೂ ಹೋಗಿಲ್ಲ. 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಾಮಾಜಿಕ ಅಧ್ಯಯನದ ವಿಷಯಗಳನ್ನು ಈ ಯೋಜನೆಯಿಂದ ಹೊರಗಿಟ್ಟಿತು. 1916ರ ಮೇ 9ರಂದು ಕೊಲಂಬಿಯಾದ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಅಂಬೇಡ್ಕರ್ ಓದಿದ ಪ್ರಬಂಧ ಭಾರತದಲ್ಲಿ ಜಾತಿಗಳು ಹುಟ್ಟಿದ ಬಗೆಯ ಮೇಲೆ. ಹತ್ತು ವರ್ಷದ ಸೇವೆ ಕೇಳಿದ ಬರೋಡಾದ ಹಣದಲ್ಲಿ ಅದಕ್ಕೆ ಜಾಗವಿತ್ತು.

ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯಲ್ಲಿ ಅಂಬೇಡ್ಕರ್ ಬಾಡಿಗೆಗಿದ್ದ 10ನೇ ನಂಬರಿನ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿದೆ. ಒಳ್ಳೆಯ ಕೆಲಸ. ಅದಕ್ಕಿಂತ ಅಗ್ಗವಾದ ಸ್ಮಾರಕವೂ ಒಂದಿದೆ: ಜೀವನವೆಚ್ಚದ ಮೊತ್ತವನ್ನು ಆಯಾ ದೇಶದ ಬೆಲೆಗಳಿಗೆ ಪ್ರತಿವರ್ಷ ಹೊಂದಿಸುವುದು, ಅದನ್ನು ತಿಂಗಳ ಮೊದಲ ವಾರ ಕೈಗೆ ಮುಟ್ಟಿಸುವುದು, ಏನು ಓದಬೇಕೆಂಬುದನ್ನು ಓದುವವರಿಗೆ ಬಿಡುವುದು. 1917ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ ಹಡಗು ಹತ್ತಿದ ವಿದ್ಯಾರ್ಥಿಗೆ ಕಡಿಮೆ ಬಿದ್ದದ್ದು ಪ್ರತಿಭೆಯಲ್ಲ, ಫೀಸೂ ಅಲ್ಲ. ಇನ್ನೊಂದಿಷ್ಟು ತಿಂಗಳ ಊಟ ಮತ್ತು ಬಾಡಿಗೆ.